ಸಲಾಮು ಹೊಡೆದ ಕೈ

ಬಸ್ರಾದ ಲಡಾಯಿಯಿಂದ ನಮ್ಮಣ್ಣ ಬಲಭುಜಕ್ಕೆ ಗುಂಡು ತಿಂದು ಇಳಕಲ್ಲಿಗೆ ಮರಳಿದ. ಗಾಯ ಮಾಯಿತು, ಕೈ ಮಾತ್ರ ಎದೆಯಿಂದ ಮೇಲೆ ಏಳಲಿಲ್ಲ. ಲಾಳಿ ಎಸೆಯುವ ಬಲವೂ ಹೋಯಿತು. ನೇಕಾರನಿಗೆ ಇನ್ನೇನು ಉಳಿಯಿತು? ಕೈಕಾಲು ಕಳಕೊಂಡ ಸಿಪಾಯಿಗಳಿಗೆ ಸರ್ಕಾರ ಪಿಂಚಣಿ ಕೊಡುತ್ತದೆಂದು ಕೇಳಿ ನಾನೇ ಅರ್ಜಿ ಬರೆದೆ.

ಮೊದಲು ಹುನಗುಂದದ ಕಚೇರಿಯಲ್ಲಿ ಮನೆಯವರ ಹೇಳಿಕೆ. ಅಣ್ಣನ ಹೆಂಡತಿ, ನಮ್ಮ ವೈನಿ, ಸೆರಗು ಸರಿಮಾಡಿಕೊಂಡು ಹೇಳಿದಳು: "ದಿನಾ ಮುಂಜಾನೆ ಇವರಿಗೆ ಅಂಗಿ ತೊಡಸಾಕಿ ನಾನ್ರಿ. ಬಲಗೈ ಎತ್ತಿದ್ರ ಹಲ್ಲು ಕಚ್ಚತಾರ್ರಿ."

ಕಾರಕೂನರು ನಕ್ಕರು. "ಹೆಂಡ್ತಿ ಮತ್ತೇನ್ ಹೇಳ್ತಾಳವಾ? ಡಾಕ್ಟರ್ ಸಾಹೇಬರು ನೋಡಿ ಬರದದ್ದಷ್ಟ ಖರೆ."

ಆರು ತಿಂಗಳು ಕಂಡವಳದು ಸುಳ್ಳು, ಒಂದು ಗಳಿಗೆ ನೋಡುವವನದು ಖರೆ. ಭಲೇ ನ್ಯಾಯ.

ಡಾಕ್ಟರಿಗೆ ತೋರಿಸಲು ನಾನೂ ಅಣ್ಣನೂ ಗಾಡಿ ಕಟ್ಟಿಕೊಂಡು ಬಾಗಲಕೋಟೆಯ ದವಾಖಾನೆಗೆ ಹೊರಟೆವು. ದಾರಿಯುದ್ದಕ್ಕೂ ನಾನು, ಊರಿಗೇ ದೊಡ್ಡ ಶಾಣ್ಯಾ, ಅಣ್ಣನಿಗೆ ಪಾಠ ಹೇಳಿದೆ. "ಸಾಹೇಬರ ಮುಂದ ಮರ್ಯಾದಿ ಬಿಡಬ್ಯಾಡಪಾ. ಸಲಾಮು ಮರೀಬ್ಯಾಡ."

ಬಿಳಿ ಡಾಕ್ಟರು ಒಳಗೆ ಬಂದ. ಪಲ್ಟನ್ನಿನ ಚಾಳಿ, ಅಣ್ಣನ ಹಿಮ್ಮಡಿಗಳು ಕೂಡಿದವು, ಬಲಗೈ ಹಣೆಗೆ ಹೋಗಿಯೇಬಿಟ್ಟಿತು. ನೋವಿಗೆ ಅವನ ಮುಖ ಬಿಳಿಚಿ ಬೆವರಿಳಿಯಿತು. ಡಾಕ್ಟರು ಮುಖ ನೋಡಲಿಲ್ಲ, ಕೈ ನೋಡಿದ. ಅಂಗಿಯನ್ನೂ ಬಿಚ್ಚಿಸದೆ ಎರಡು ಸಾಲು ಗೀಚಿ ಹೊರಟುಹೋದ.

ಅಲ್ಲಿನ ಗುಮಾಸ್ತ ಓದಿ ಹೇಳಿದ: "ಕೈ ಸರಾಗ ಏಳ್ತೈತಿ ಅಂತ ಬರದಾರ. ಪಿಂಚಣಿ ಸಿಗಂಗಿಲ್ಲ, ನಡೀರಿ."

ಸಲಾಮು ಹೊಡೆಯದೆ ನಿಂತಿದ್ದರೆ ಉದ್ಧಟನೆಂದು ಬರೆಯುತ್ತಿದ್ದನೇನೋ. ಸರ್ಕಾರದ ಮುಂದೆ ಹೇಗೆ ನಿಂತರೂ ತಪ್ಪೇ.

ಊರಿಗೆ ಬಂದು ವೈನಿಗೆ ಸಲಾಮಿನ ಸಂಗತಿ ಹೇಳಿದೆ, ನನ್ನ ಪಾಠದ ಮಾತು ಮಾತ್ರ ಬಿಟ್ಟೆ. ಮರುದಿನ ಮುಂಜಾನೆ ಅವಳು ಅಂಗಿ ಹಿಡಿದು ನಿಂತಳು. ಅಣ್ಣನ ಕೈ ಏಳಲಿಲ್ಲ.

"ಸಾಹೇಬರಿಗೆ ಎದ್ದ ಕೈ ನನಗ ಯಾಕ ಏಳವಲ್ದ್ರಿ?"

ಸಿಟ್ಟಿನ ಮಾತಲ್ಲ, ಅನುಮಾನದ್ದು. ಆರು ತಿಂಗಳು ತಾನೇ ಕಣ್ಣಾರೆ ಕಂಡದ್ದನ್ನು ಅವಳೂ ನಂಬದಂತಾಗಿತ್ತು. ಸಲಾಮಿನ ಪಾಠ ಹೇಳಿದವ ನಾನೆನ್ನಲು ಬಾಯಿ ತೆರೆದೆ. ಅಣ್ಣ ಕಣ್ಣಿನಲ್ಲೇ ತಡೆದ.

ಎಡಗೈಯಿಂದ ಬಲಗೈಯನ್ನು ಹಿಡಿದೆತ್ತಿ ತಾನೇ ಅಂಗಿಯ ತೋಳಿಗೆ ತೂರಿಸಿದ. ಅಂದಿನಿಂದ ಅಂಗಿ ತೊಡಿಸಲು ಅವಳನ್ನು ಕರೆಯಲೇ ಇಲ್ಲ.