ನೀರಿಗೆ ಕರಗದ ಗೌರಿ

ಬೆಳಿಗ್ಗೆ ಅಡುಗೆಮನೆಯ ಕಿಟಕಿಗೆ ಬಿಸಿಲು ಹೊಡೆದು, ಅಲ್ಲಿಟ್ಟಿರುವ ಕಂದು ಬಣ್ಣದ ಗೌರಿ ವಾಸನೆ ಬಿಟ್ಟಳು. ಮೇಣದ ವಾಸನೆ, ಅದರೊಳಗೆ ಸುಟ್ಟ ಪಟಾಕಿಯ ಗಂಧಕ. ದೇವರ ಮನೆಯಲ್ಲಿ ಇಡುವಂಥದ್ದಲ್ಲ ಎಂದು ಮಗ ಮೂಗು ಮುಚ್ಚುತ್ತಾನೆ. ನನಗೆ ಮಾತ್ರ ಪಕ್ಕದ ಮನೆಯಾಕೆ ಬಂದು ನಿಂತ ಹಾಗಾಗುತ್ತದೆ...

ನಾನು ಮಗನ ಮನೆಗೆಂದು ಅಮೆರಿಕದ ವಾರೆನ್‌ಗೆ ಬಂದಾಗ ಆಕೆ ಕಾರು ಕಂಪನಿಯ ಕೆಲಸದಿಂದ ನಿವೃತ್ತಳಾಗಿದ್ದಳು. ಹೊಸ ಕಾರನ್ನು ತಗಡಿನಲ್ಲಿ ಮಾಡುವ ಮೊದಲು ಮೇಣ, ಗಂಧಕ ಬೆರೆತ ಮಣ್ಣಿನಂಥ ಮುದ್ದೆಯಲ್ಲಿ ಪೂರ್ತಿ ಅಳತೆಗೆ ತಿದ್ದುತ್ತಾರಂತೆ. ಆಕೆ ಮಾಡುತ್ತಿದ್ದದ್ದು ಆ ಕೆಲಸ. ಗಂಡನಿಲ್ಲ, ಮಕ್ಕಳಿಲ್ಲ. ಹುಣ್ಣಿಮೆ ಬಂದರೆ ಹಿತ್ತಲ ಓಕ್ ಮರದಡಿ ದೀಪ ಹಚ್ಚಿ ಕೂರುವಳು.

"ಅವ್ರು ವಿಚ್ ಅಂತೆ ಅತ್ತೆ, ಆ ಕಡೆ ಹೋಗ್ಬೇಡಿ" ಎಂದಳು ಸೊಸೆ. ನಾನು ಮಾರನೆಯ ದಿನವೇ ಹೋದೆ. ಮಾಟಗಾತಿ ಹಾಡಹಗಲಲ್ಲಿ ಟೊಮೆಟೊ ಗಿಡಕ್ಕೆ ಕೋಲು ಕಟ್ಟುತ್ತಿದ್ದಳು.

ನನ್ನ ಇಂಗ್ಲಿಷು ಸೊನ್ನೆ. ಮೊಮ್ಮಗಳು ನಡುವೆ ಕೂತು ಮಾತು ದಾಟಿಸುವಳು. ಆಕೆಯ ಧರ್ಮದ ಹೆಸರು ವಿಕ್ಕಾ. ಒಬ್ಬ ದೇವಿ, ಜೊತೆಗೆ ಕೊಂಬಿನ ದೇವರೊಬ್ಬ. ಸೂರ್ಯ ದಿಕ್ಕು ಬದಲಿಸುವಾಗ, ಬಿತ್ತುವಾಗ, ಕೊಯ್ಯುವಾಗ, ಹೀಗೆ ವರ್ಷಕ್ಕೆ ಎಂಟು ಹಬ್ಬ. ಯಾರಿಗೂ ಕೇಡಾಗದಂತೆ ನಿನಗೆ ಸರಿಕಂಡ ಹಾಗೆ ಬಾಳು ಎನ್ನುವುದೇ ಶಾಸ್ತ್ರ. ನನಗೇನೂ ಹೊಸದೆನಿಸಲಿಲ್ಲ, ನಾವೂ ಅರಳಿಮರ ಸುತ್ತಿದವರೇ. ಆದರೆ ಇದಕ್ಕಾಗಿ ಆಕೆ ಅಮ್ಮನ ಚರ್ಚು ಬಿಟ್ಟಿದ್ದಳು. ಅಮ್ಮ ಸಾಯುವವರೆಗೂ ಇವಳ ಮುಖ ನೋಡಲಿಲ್ಲ. ಕಲಿಸಿದವರು ಇದು ಕಲ್ಲಿನ ಕಾಲದ್ದು ಎಂದಿದ್ದರಂತೆ. ಅಷ್ಟು ಹಳೆಯದಕ್ಕೆ ಅಷ್ಟು ಬೆಲೆ ತೆರಬಹುದು ಎಂದುಕೊಂಡಿದ್ದಳು...

ಕಾಲೇಜು ಸೇರಿದ ಮೇಲೆ ಮೊಮ್ಮಗಳೇ ಓದಿಕೊಂಡು ಬಂದು, "ಆಕ್ಚುವಲಿ ಆಂಟಿ..." ಎಂದು ಶುರು ಮಾಡಿದಳು. ನಾನು ಹುಟ್ಟಿದ ಆಸುಪಾಸಿನಲ್ಲಿ ಇಂಗ್ಲೆಂಡಿನ ನಿವೃತ್ತ ಅಧಿಕಾರಿಯೊಬ್ಬ, ಹಳೇ ಜಾನಪದ, ಗುಪ್ತ ಸಂಘಗಳ ವಿಧಿ, ಪುಸ್ತಕಗಳ ಮಾತು ಎಲ್ಲ ಸೇರಿಸಿ ಕಟ್ಟಿದ ಧರ್ಮವಂತೆ ಇದು. ವಿಕ್ಕಾ ಎನ್ನುವ ಹೆಸರು ಮಾತ್ರ ಹಳೇ ಇಂಗ್ಲಿಷಿನದು, ಮಾಟಗಾರ ಎಂದು ಅರ್ಥವಂತೆ.

"ಮೈ ಮದರ್ ವಾಸ್ ಓಲ್ಡರ್" ಎಂದಳು ಆಕೆ. ಯಾವ ಧರ್ಮಕ್ಕಾಗಿ ಅಮ್ಮನನ್ನು ಬಿಟ್ಟಳೋ ಅದಕ್ಕಿಂತ ಅಮ್ಮನೇ ಹಿರಿಯಳು. ಆ ಹುಣ್ಣಿಮೆಗೆ ದೀಪ ಹಚ್ಚಲಿಲ್ಲ. ಮುಂದಿನದಕ್ಕೂ ಇಲ್ಲ.

ನಾನು ಮೊಮ್ಮಗಳನ್ನು ಎಳೆದುಕೊಂಡು ಆಕೆಯ ಮನೆಗೆ ಹೋದೆ. "ನಾ ಹೇಳಿದ್ದು ಹೇಳಿದ ಹಾಗೇ ಹೇಳು, ಸಕ್ಕರೆ ಬೆರೆಸ್ಬೇಡ" ಎಂದು ಆಕೆಗೆ ನಮ್ಮೂರ ಕಥೆ ಹೇಳಿದೆ. ನಮ್ಮೂರಲ್ಲಿ ಪ್ಲೇಗಮ್ಮನ ಗುಡಿಯಿದೆ. ಪ್ಲೇಗಿಗೆ ಹೆದರಿ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದಾಗ, ಒಬ್ಬ ಕುಂಬಾರ ಕಲ್ಲು ನೆಟ್ಟು ಅರಿಶಿನ ಬಳಿದ. ನಮ್ಮಜ್ಜಿ ಕಣ್ಣಾರೆ ಕಂಡಿದ್ದಳು. ಹಿಂದಿನ ದಿನ ಆ ದೇವಿ ಇರಲೇ ಇಲ್ಲ. ಆದರೂ ಅಜ್ಜಿ ಸಾಯುವವರೆಗೆ ತಂಬಿಟ್ಟಿನ ಆರತಿ ಎತ್ತಿದಳು.

"ಎಲ್ಲಾ ದೇವ್ರೂ ಒಂದಿನ ಹೊಸದೇ. ವಯಸ್ಸು ಕೇಳಕ್ಕೆ ಅವಳೇನು ಮದುವೆ ಹೆಣ್ಣಾ? ನಿಮ್ಮಮ್ಮನಿಗೆ ಅಳ್ಬೇಕು ಅಂದ್ರೆ ಅಳು. ಆ ದುಃಖಾನ ದೇವಿ ಮೇಲೆ ಹಾಕ್ಬೇಡ."

ಮೊಮ್ಮಗಳು ತಡವರಿಸುತ್ತ ದಾಟಿಸಿದಳು. ಆಕೆ ಅತ್ತಳು.

ಗೌರಿಹಬ್ಬದ ಹಿಂದಿನ ದಿನ ಗಂಧಕದ ವಾಸನೆ ಬೇಲಿ ದಾಟಿ ಬಂತು. ಆಕೆ ಮನೆಯಲ್ಲಿ ಉಳಿದಿದ್ದ ಕಾರಿನ ಮುದ್ದೆಯನ್ನು ಓವನ್ನಿನಲ್ಲಿ ಬೆಚ್ಚಗೆ ಮಾಡಿ, ಗೌರಿಯನ್ನು ತಿದ್ದಿ ತಂದಳು. ಮೂಗುತಿ ಸಮೇತ. ಸೆರಗು ಕಾರಿನ ಬಾಗಿಲಿನಷ್ಟು ನುಣುಪು! ಪೂಜೆ ಮಾಡಿದೆ. ನೀರಿಗೆ ಬಿಡುವ ದಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಸಂಜೆಯಾದರೂ ಕರಗಲಿಲ್ಲ. ಮೇಣದ ಮಣ್ಣು, ನೀರಿಗೆ ಬಗ್ಗುವಂಥದ್ದಲ್ಲ. ಆಕೆ ಮೊಮ್ಮಗಳ ಹಾಗೇ "ಸಾರಿ ಅಜ್ಜಿ!" ಎಂದು ಹೊಟ್ಟೆ ಹಿಡಿದು ನಕ್ಕಳು. ನಾನೂ ನಕ್ಕೆ. ಆ ಹುಣ್ಣಿಮೆಗೆ ಓಕ್ ಮರದಡಿ ಮತ್ತೆ ದೀಪ ಕಂಡಿತು.

ಹೋದ ಚಳಿಗಾಲದಲ್ಲಿ ಆಕೆ ತೀರಿಕೊಂಡಳು. ಆ ಮನೆಗೆ ಬೇರೆಯವರು ಬಂದಿದ್ದಾರೆ, ಒಳ್ಳೆಯವರೇ. ಹುಣ್ಣಿಮೆಗೆ ಹಿತ್ತಲು ಖಾಲಿ... ನಾನು ಅಳಲಿಲ್ಲ, ಈ ವಯಸ್ಸಿನಲ್ಲಿ ಎಲ್ಲರಿಗೂ ಅತ್ತರೆ ಕಣ್ಣು ಉಳಿಯುವುದಿಲ್ಲ. ಪ್ರತಿ ಹಬ್ಬಕ್ಕೂ ಗೌರಿಯನ್ನು ಬಕೆಟ್ಟಿಗೆ ಇಳಿಸುತ್ತೇನೆ, ಎತ್ತಿ ಒರೆಸಿ ಕಿಟಕಿಗೆ ಇಡುತ್ತೇನೆ. ತವರಿಗೆ ಬಂದ ಗೌರಿ ಹೊರಟು ಹೋಗಬೇಕು, ಅದು ಪದ್ಧತಿ. ಇವಳು ಹೋಗಲಿಲ್ಲ. ಮಾಡಿದವಳು ಹೋದಳು.