ಬ್ಯಾಟರಿಗೆ ಹೊದಿಸಿದ ಒದ್ದೆ ಗೋಣಿತಾಟು

ಬೆಳಿಗ್ಗೆ ಎದ್ದು ಕೊಟ್ಟಿಗೆ ಗುಡಿಸಿದೆ. ಹಾಲು ಕಾಯಿಸಿಟ್ಟೆ. ಬುತ್ತಿಗೆ ರೊಟ್ಟಿ ತಟ್ಟಿ ಹುಚ್ಚೆಳ್ಳು ಚಟ್ನಿ ಅರೆದೆ. ಗೋಣಿತಾಟು ನೆನೆಸಿ ಕುಡಿಯುವ ನೀರಿನ ಮಡಕೆಗೆ ಸುತ್ತಿದೆ. ಇನ್ನೊಂದನ್ನು ಲಾರಿಯ ಬ್ಯಾಟರಿಗೆ ಹೊದಿಸಿದೆ. ನಾನೂ ನಮ್ಮ ಯಜಮಾನರೂ ಹಾಸನ ಬಿಟ್ಟಾಗ ಬಿಸಿಲೇರಿತ್ತು.

ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾತು. ಲಾರಿಯ ತುಂಬ ಬಿತ್ತನೆ ಆಲೂಗಡ್ಡೆ. ಅರಕಲಗೂಡಿನ ಹತ್ತಿರ ನನ್ನ ತಮ್ಮ ನಿಂಗಪ್ಪ ಮೊದಲ ಮಳೆಗೆ ಹೊಲ ಹದಮಾಡಿಕೊಂಡು ಕಾಯುತ್ತಿದ್ದ. ಮೊಳಕೆಯೊಡೆದ ಗೆಡ್ಡೆ ಮೂಟೆಯೊಳಗೇ ದಿನವೆಲ್ಲ ಕಾದರೆ ಕೊಳೆತುಹೋಗುತ್ತದೆ. ಬೇರೆ ಬಿತ್ತನೆ ಆ ಹೊತ್ತಿಗೆ ಸಿಗುವಂತಿರಲಿಲ್ಲ.

ಬ್ಯಾಟರಿ ಹೊಸದು. ಹದಿನೈದು ದಿನದ ಹಿಂದೆ ಕೊಳ್ಳುವಾಗ ನಾನೂ ಜೊತೆಗಿದ್ದೆ. "ಬಣ್ಣ ನೋಡ್ಬ್ಯಾಡಿ ಸಾ, ಎತ್ತಿ ನೋಡಿ. ತೂಕ ಇದ್ರೆ ಒಳಗೆ ಸೀಸದ ಹಲಗೆ ದಪ್ಪ ಅಂತ ಲೆಕ್ಕ. ತೆಳ್ಳಗಿದ್ರೆ ನಮ್ ಬಿಸಿಲಿಗೆ ಬಾಳಕಿಲ್ಲ. ಬಟ್ಟಿ ಇಳಿಸಿದ ನೀರೇ ಹಾಕಿ. ಶಾಖವೇ ಇದಕ್ಕೆ ವೈರಿ" ಎಂದಿದ್ದರು ಅಂಗಡಿಯ ಮುದುಕರು. ಯಜಮಾನರು ಮೂರನ್ನು ಎತ್ತಿ, ಸೊಂಟ ಹಿಡಿದುಕೊಳ್ಳುವಷ್ಟು ಭಾರವಾದದ್ದನ್ನೇ ಆರಿಸಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಶಾಖದ ಮಾತೊಂದೇ. ಅಂದಿನಿಂದ ದಿನಾ, ಯಾರಿಗೂ ಹೇಳದೆ, ಸೀಟಿನ ಕೆಳಗಿದ್ದ ಅದಕ್ಕೆ ಒದ್ದೆ ತಾಟು ಹೊದಿಸುತ್ತಿದ್ದೆ. ಹೊಸದೆಂಬ ಧೈರ್ಯಕ್ಕೆ ಯಜಮಾನರು ಸೀಟೆತ್ತಿ ನೋಡಿರಲಿಲ್ಲ.

ಇಪ್ಪತ್ತು ಮೈಲಿ ಬಂದು ಹೊಳೆನರಸೀಪುರದಲ್ಲಿ ಕಾಫಿಗೆ ನಿಂತೆವು. ಆಮೇಲೆ ಲಾರಿ ಹೊರಡಲಿಲ್ಲ. ಹ್ಯಾಂಡಲು ತಿರುಗಿಸಿ ತಿರುಗಿಸಿ ಯಜಮಾನರ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಕಿಡಿಯೇ ಇಲ್ಲ.

"ಆ ಮುದುಕ ಟೋಪಿ ಹಾಕ್ಬುಟ್ಟ ಕಣೆ!" ಎಂದರು.

ಮೂಟೆ ಮುಟ್ಟಿ ನೋಡಿದೆ, ಬೆಚ್ಚಗಿತ್ತು. ಅಷ್ಟರಲ್ಲಿ ಚನ್ನರಾಯಪಟ್ಟಣದ ಬಸ್ಸು ಬಂತು. ಅದರ ಡ್ರೈವರು ಬುಡೇನ್ ಸಾಬರು ಇಳಿದು ಬಂದು ಸೀಟೆತ್ತಿದರು. "ಇದೇನಕ್ಕಾ, ತಣ್ಣೀರ್ ಪಟ್ಟಿ ಆಕಿದ್ದೀರಿ? ಜ್ವರ ಬಂದಿತ್ತಾ?"

ಬಸ್ಸಿನವರೆಲ್ಲ ನಕ್ಕರು. ನನಗೆ ನೆಲ ಬಾಯಿಬಿಡಬಾರದೆ ಅನ್ನಿಸಿತು. "ನಾನೇ ಹೊದಿಸಿದ್ದು" ಎಂದೆ.

"ಒದ್ದೆ ತಾಟಲ್ಲಿ ಕರೆಂಟು ಸೋರೋಗ್ಬುಟ್ಟದೆ. ತಂತಿ ಕಟ್ಟೋ ಮೂತಿಗೆ ಹಸಿರು ಹಿಡ್ದು, ಚಾರ್ಜೂ ಒಳಕ್ಕೆ ಓಗಿಲ್ಲ" ಎಂದು ಅವರು ಮೂತಿಗಳನ್ನು ಚಾಕುವಿನಿಂದ ಕೆರೆದರು. ಬಸ್ಸನ್ನು ಲಾರಿಯ ಮುಂದಕ್ಕೆ ತಂದು, ದಪ್ಪ ತಂತಿಯಿಂದ ಎರಡೂ ಬ್ಯಾಟರಿಗಳ ಕೂಡು ಗುರುತಿನ ಮೂತಿಗಳನ್ನು ಸೇರಿಸಿದರು. ಬಸ್ಸಿನ ಕಳೆ ಗುರುತಿನಿಂದ ಬಂದ ಇನ್ನೊಂದು ತಂತಿಯ ಕೊನೆಯನ್ನು, ಬ್ಯಾಟರಿಯಿಂದ ದೂರಕ್ಕೆ, ಲಾರಿಯ ಕಬ್ಬಿಣದ ಚೌಕಟ್ಟಿಗೆ ಹಿಡಿದರು. "ಬ್ಯಾಟ್ರಿ ಮೇಲೆ ಕಿಡಿ ಬಿದ್ರೆ ಒಡೆದೋಯ್ತದೆ, ದೂರ ನಿಂತ್ಕಳಿ!"

ಲಾರಿ ಗುಡುಗಿತು. "ಅರಕಲಗೂಡು ಕಾಣೋಗಂಟ ಇಂಜಿನ್ ಆರಿಸ್ಬ್ಯಾಡಿ ಸಾ" ಎಂದು ಕೂಗಿ ಅವರು ತಮ್ಮ ದಾರಿ ಹಿಡಿದರು.

ದಾರಿಯುದ್ದಕ್ಕೂ ಯಜಮಾನರು ರಸ್ತೆಯ ಮೇಲೇ ಕಣ್ಣಿಟ್ಟು ಓಡಿಸಿದರು. ನಾನು ಆ ಒದ್ದೆ ತಾಟನ್ನು ಹಿಂಡಿ ಕಾಲ ಕೆಳಗಿಟ್ಟುಕೊಂಡೆ.

ಸಂಜೆ ನಿಂಗಪ್ಪ ಮೂಟೆ ಬಿಚ್ಚಿ ಹೊಂಗೆಯ ನೆರಳಲ್ಲಿ ಹರವಿದ. "ಎಲ್ಡು ಮೂಟೆ ಓಯ್ತು ಕಣಕ್ಕ. ಮಿಕ್ಕಿದ್ದು ಕಣ್ ಬಿಟ್ಕಂಡು ನಗ್ತಾ ಅವೆ. ನಾಳೀಕೇ ಬಿತ್ತಾದು" ಎಂದ.

ಊಟಕ್ಕೆ ರಾಗಿಮುದ್ದೆ, ಹುರುಳಿಕಾಳಿನ ಸಾರು, ಮಜ್ಜಿಗೆ. "ಯಾಕ್ ಬಾವ, ಇಷ್ಟೊತ್ತು ಮಾಡ್ಬುಟ್ರಿ?" ಎಂದು ನಿಂಗಪ್ಪ ಕೇಳಿದ. ನಾನು ಯಜಮಾನರತ್ತ ನೋಡಿದೆ.

"ಹೊಳೆನರಸೀಪುರದ ಕಾಫಿ ಚೆನ್ನಾಗಿತ್ತು ಕಣಪ್ಪ, ಕೂತ್ಬುಟ್ಟೆ" ಎಂದರು ಯಜಮಾನರು, ಮುದ್ದೆ ಮುರಿಯುತ್ತ.

ಆ ಲಾರಿ ಈಗಿಲ್ಲ. ಅವರ ಆ ಮಾತು ಮಾತ್ರ ಇವತ್ತಿಗೂ ಕಿವಿಯಲ್ಲಿದೆ. ಆ ರಾತ್ರಿ ನಾನು ಕೈತೊಳೆದು ಜಗುಲಿಗೆ ಬರುವಷ್ಟರಲ್ಲಿ, ನಾನು ಏನಾದರೂ ಹೇಳುವ ಮೊದಲೇ, ಅವರಿಗೆ ನಿದ್ದೆ ಹತ್ತಿತ್ತು.