ಭಯವನ್ನೂ ಕರೆದುಕೊಂಡು ಲಿಫ್ಟ್ ಹತ್ತಿದೆ

ಲಿಫ್ಟಿನ ಬಾಗಿಲು ಮತ್ತೆ ಮುಚ್ಚಿಕೊಂಡಿತು, ನಾನು ಹೊರಗೇ ಉಳಿದೆ. ಅಬುಧಾಬಿಯ ಖಾಲಿದಿಯಾ ಬಡಾವಣೆಯ ಆ ಕಟ್ಟಡದ ಹದಿನೆಂಟನೇ ಮಹಡಿಯಲ್ಲಿ ಬಾಣಂತಿ ತಂಗಿ ಕಾಯುತ್ತಿದ್ದಳು. ಹಿಂದೊಮ್ಮೆ ಕೆಟ್ಟುನಿಂತ ಲಿಫ್ಟಿನಲ್ಲಿ ಒಬ್ಬಳೇ ಸಿಕ್ಕಿಬಿದ್ದ ಮೇಲೆ ನಾನು ಲಿಫ್ಟ್ ಹತ್ತಿದ್ದೇ ಇಲ್ಲ.

“ಲಿಫ್ಟ್ ಹತ್ಲಿಕ್ಕೆ ಹೆದರಿಕೆ ಆಗ್ತದೆ, ಮಗು ನೋಡ್ಲಿಕ್ಕೆ ಇವತ್ತೂ ಆಗುದಿಲ್ಲ ಮಾರಾಯ್ತಿ” ಎಂದು ಫೋನಿನಲ್ಲಿ ತಂಗಿಗೆ ಹೇಳುವಾಗ ಅಳು ಬಂತು.

ಕನ್ನಡ ಕೇಳಿ, ಪಕ್ಕದಲ್ಲಿದ್ದ ಬೆಳ್ಳಿಗೂದಲ ಹೆಂಗಸೊಬ್ಬರು ತಿರುಗಿದರು. ಮಗಳ ಮನೆಗೆಂದು ಧಾರವಾಡದಿಂದ ಬಂದವರಂತೆ. “ಹೆದರಿಕಿ ಹೋಗ್ಲಿ ಅಂತ ಕಾಯಬ್ಯಾಡ್ರಿ. ಅದನ್ನೂ ಕರಕೊಂಡ ಬರ್ರಿ, ಕೂಡೇ ಹೋಗೋಣು” ಎಂದು ನನ್ನ ಕೈ ಹಿಡಿದರು. ಮೊದಲು ಬಾಗಿಲು ತೆರೆದೇ ಇಟ್ಟು ನನ್ನನ್ನು ಒಳಗೆ ನಿಲ್ಲಿಸಿದರು. ಆಮೇಲೆ ಒಂದೇ ಮಹಡಿ ಏರಿ, ಹೊರಗೆ ಬಂದು ಸುಧಾರಿಸಿಕೊಂಡೆವು. ಮತ್ತೆ ಹತ್ತಿದಾಗ ಕಣ್ಣು ಮುಚ್ಚಲು ಬಿಡದೆ, ಮಗುವಿಗೆ ಏನು ಹೆಸರಿಟ್ಟಿದ್ದೀರಿ ಎಂದು ವಿಚಾರಿಸುತ್ತ ಮೇಲೆ ಮುಟ್ಟಿಸಿದರು.

ತಂಗಿಯ ಮನೆಯ ಬಾಗಿಲಲ್ಲಿ, “ನೀವು ಮನಸ್ಸಿನ ಡಾಕ್ಟರಾ?” ಎಂದು ಕೇಳಿದೆ.

“ಅಲ್ರಿ. ಹೆದರಿಕಿ ಹೆಂಗ ಹುಟ್ಟತೈತಿ, ಹೆಂಗ ಇಳೀತೈತಿ ಅಂತ ಲ್ಯಾಬಿನ್ಯಾಗ ಇಲಿ ಇಟ್ಕೊಂಡು ನೋಡಿದಾಕಿ ನಾ. ನಾವು ಕಂಡಿದ್ದನ್ನ ಓದಿ ಡಾಕ್ಟರು ಮಂದೀಗೆ ಚಿಕಿತ್ಸೆ ಮಾಡ್ತಾರ. ಹೆದರಿದವ್ರ ಕೈ ಖುದ್ದ ನಾನ ಹಿಡದದ್ದು ಇವತ್ತ ಮೊದಲ” ಎಂದರು. ಅಷ್ಟರಲ್ಲಿ ತಂಗಿ ಬಾಗಿಲು ತೆರೆದು ಮಗುವನ್ನು ನನ್ನ ತೋಳಿಗಿಟ್ಟಳು.

ಈಗಲೂ ಲಿಫ್ಟಿನ ಬಾಗಿಲು ಮುಚ್ಚುವಾಗ ಎದೆ ಹೊಡೆದುಕೊಳ್ಳುತ್ತದೆ, ಆದರೂ ಮಗುವನ್ನು ಎತ್ತಿಕೊಳ್ಳಲು ಹೋಗುತ್ತಲೇ ಇದ್ದೇನೆ. ಆ ದಿನ ನನ್ನ ಅಂಗೈಗಿಂತ ಅವರ ಅಂಗೈಯೇ ಹೆಚ್ಚು ಬೆವೆತಿತ್ತು. ಆದರೂ ಅವರು ಕೈ ಬಿಟ್ಟಿರಲಿಲ್ಲ.